ತಿರುಗಿಸಿ ಬೇಸ್ ನೋಡಿ: ಪೇಂಟ್ ಆಗಿ ಬರೋ ಮಿನಿಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ಇದೇ ಅಂಕಣದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಅನ್ನೋ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಕಥೆ ಕಟ್ಟೋ ಆಟನ ಮನೇಲಿ ಶುರು ಮಾಡೋದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರೂಲ್ಸ್ ಬಗ್ಗೆ ಅಲ್ಲ, ಟೇಬಲ್ ಮೇಲೆ ಇಡೋ ಗೊಂಬೆಗಳ ಬಗ್ಗೆ, ಅದರಲ್ಲೂ ಫ್ಯಾಕ್ಟರಿಲೇ ಬಣ್ಣ ಹಚ್ಚಿಕೊಂಡು ಬರೋ ಪ್ಲಾಸ್ಟಿಕ್ ಮಿನಿಗಳ ಬಗ್ಗೆ. ಒಂದಕ್ಕೊಂದು ಅಳತೆ ಕೂಡಲ್ಲ ಅನ್ನೋ ಬೇಜಾರು ಕೆಲವರದು, ಯಾವುದನ್ನ ಕೂಡಿಡಬೇಕು ಯಾವುದನ್ನ ಬಿಡಬೇಕು ಅನ್ನೋ ಗೊಂದಲ ಇನ್ನು ಕೆಲವರದು. ಇವನ್ನ ಆಡಿಸ್ತಾ, ಕೂಡಿಡ್ತಾ ಬಂದಿರೋದ್ರಿಂದ ನನಗೂ ಇದು ತುಂಬಾ ಇಷ್ಟದ ವಿಷಯ, ಅದಕ್ಕೆ ಈ ಸಲದ ಪುಟ ಪೂರ್ತಿ ಇದಕ್ಕೇ.

ಅಮೆರಿಕಾದಿಂದ ವಾಪಸ್ ಬಂದ ಕಸಿನ್ ಒಂದು ಡಬ್ಬ ಹಳೇ ಮಿನಿಗಳನ್ನ ಕೊಟ್ಟ, 2003-04ರ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನೀದು. ನನ್ನ ಹತ್ರ ವಿಝ್‌ಕಿಡ್ಸ್ ಕಂಪನಿಯ ಐಕಾನ್ಸ್ ಆಫ್ ದ ರೆಲ್ಮ್ಸ್ ಸಾಲಿನ ಹೊಸ ಮಿನಿಗಳು ಮೊದಲೇ ಇತ್ತು. ಪಕ್ಕಪಕ್ಕ ಇಟ್ರೆ ಹಳೇ ಸೈನಿಕ ಹೊಸಬನ ಕಿವಿ ತನಕ ಬರ್ತಾನೆ, ಚೂಪು ಕಿವಿಯ ಎಲ್ಫ್ ಅಂತೂ ಇನ್ನೂ ಗಿಡ್ಡ. ಒಬ್ರು 28 ಮಿಮೀ ಅಂತಾರೆ, ಇನ್ನೊಬ್ರು 30, ಮತ್ತೊಬ್ರು 32. ಯಾವುದು ಸರಿ? ಎರಡೂ ಬೆರೆಸಿ ಆಡಬಹುದಾ?
— ಓದುಗರು, ಜಯನಗರ, ಬೆಂಗಳೂರು

ಧಾರಾಳವಾಗಿ ಬೆರೆಸಿ ಆಡಿ. ಈ ಮಿಮೀ ಲೆಕ್ಕ ಇದೆಯಲ್ಲ, ಇದು ನಿಜವಾದ ಸ್ಕೇಲ್ ಅಲ್ವೇ ಅಲ್ಲ. ರೈಲು ಮಾಡೆಲ್ ಮಾಡೋರ ಹತ್ರ ಕೇಳಿ, ಎಚ್‌ಓ ಅಂದ್ರೆ 1:87, ಮುಗೀತು, ವಾದವೇ ಇಲ್ಲ. ನಮ್ಮಲ್ಲಿ 28 ಅಂದ್ರೆ ಮನುಷ್ಯನ ಗೊಂಬೆ ಸುಮಾರು ಅಷ್ಟು ಎತ್ತರ ಅಂತ ಅಷ್ಟೇ, ಅದನ್ನೂ ಕೆಲವರು ಅಂಗಾಲಿಂದ ಕಣ್ಣಿನ ತನಕ ಅಳೀತಾರೆ, ಕೆಲವರು ನೆತ್ತಿ ತನಕ. ಹೆಲ್ಮೆಟ್ಟು, ಟೋಪಿ, ಕೊಂಬು ಎಲ್ಲ ಇರೋ ಗೊಂಬೆಗೆ ನೆತ್ತಿ ಎಲ್ಲಿ ಅಂತ ಹುಡುಕ್ತೀರಿ, ಅದಕ್ಕೇ ಕಣ್ಣಿನ ಲೆಕ್ಕ ಬಂದಿದ್ದು. 1970ರ ದಶಕದಲ್ಲಿ ಲೋಹದ ಗೊಂಬೆ ಕಾಲದಲ್ಲಿ 25 ಮಿಮೀ ಅಂತ ಶುರುವಾಗಿದ್ದು, ಶಿಲ್ಪಿಗಳು ಮುಖದಲ್ಲಿ, ಕವಚದಲ್ಲಿ ಇನ್ನೊಂಚೂರು ಕೆಲಸ ತೋರಿಸೋಕೆ ಅಂತ ಸ್ವಲ್ಪ ಸ್ವಲ್ಪನೇ ದೊಡ್ಡದು ಮಾಡ್ತಾ ಬಂದು 28 ಆಯ್ತು, ಈಗ 32 ಅನ್ನೋರೂ ಇದ್ದಾರೆ. ಇದಕ್ಕೆ ಹವ್ಯಾಸಿಗಳು ಇಟ್ಟಿರೋ ಹೆಸರೇ ಸ್ಕೇಲ್ ಕ್ರೀಪ್. ನಿಮ್ಮ ಎರಡು ಸೈನಿಕರ ನಡುವೆ ಇರೋದೂ ಅದೇ.

ನಾನು ನಂಬೋ ಅಳತೆ ಗೊಂಬೇಲಿ ಇಲ್ಲ, ನೆಲದಲ್ಲಿ ಇದೆ. ಆಟದ ಮ್ಯಾಪ್‌ನಲ್ಲಿ ಒಂದು ಚೌಕ ಅಂದ್ರೆ 1 ಇಂಚು, ಕಥೇಲಿ ಅದು 5 ಅಡಿ. 5 ಅಡಿಗೆ 60 ಇಂಚು, ಅಂದ್ರೆ ಮ್ಯಾಪ್ 1:60. ಆ ಲೆಕ್ಕದಲ್ಲಿ ಆರಡಿ ಆಳು 30 ಮಿಮೀಗಿಂತ ಕೂದಲೆಳೆ ಜಾಸ್ತಿ ಇರಬೇಕು. ನಿಮ್ಮ ಹಳೇ ಸೈನಿಕ 28 ಇದ್ರೆ ಅವನು ಐದೂವರೆ ಅಡಿ ಆಳು, ಹೊಸಬ 32 ಇದ್ರೆ ಆರಡಿ ಮೂರಿಂಚಿನ ಆಳು. ನಮ್ಮ ಮನೆ ಮದುವೆ ಫೋಟೋಲಿ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತೆ. ಎಲ್ಫ್ ಗಿಡ್ಡ ಅಂತ ಬರೆದಿದ್ದೀರಲ್ಲ, ಅದು ತಪ್ಪಲ್ಲ ಕಣ್ರೀ, ಆ ಕಾಲದ ರೂಲ್ ಪುಸ್ತಕದ ಪ್ರಕಾರ ಎಲ್ಫ್ ಎತ್ತರ ನಾಲ್ಕೂವರೆಯಿಂದ ಐದೂವರೆ ಅಡಿ, ರೂಲ್ಸ್‌ನ ಐದನೇ ಆವೃತ್ತಿಲಿ ಅದೇ ಎಲ್ಫ್ ಐದಡಿ ಒಳಗಿಂದ ಆರಡಿ ಮೇಲಿನ ತನಕ ಇರಬಹುದು ಅಂತ ಮಾಡಿದ್ರು. ಗೊಂಬೆ ಮಾಡಿದವರು ತಮ್ಮ ಕಾಲದ ಪುಸ್ತಕಕ್ಕೆ ನಿಷ್ಠೆಯಿಂದಲೇ ಮಾಡಿದ್ದಾರೆ.

ಹಾಗಾದ್ರೆ ಕಣ್ಣಿಗೆ ಚುಚ್ಚೋದು ಯಾವುದು? ಎತ್ತರ ಅಲ್ಲ, ದಪ್ಪ. ತಲೆ, ಅಂಗೈ, ಕತ್ತಿ ಈ ಮೂರು ನೋಡಿ. ಇವುಗಳನ್ನ ಬೇಕಂತಲೇ ಉಬ್ಬಿಸಿ ಮಾಡೋದಕ್ಕೆ ಹೀರೋಯಿಕ್ ಪ್ರೊಪೋರ್ಶನ್ ಅಂತಾರೆ. ಅದಕ್ಕೆ ಕಾರಣವೂ ಇದೆ, ಮೆತ್ತನೆ ಪಿವಿಸಿಲಿ ನಿಜವಾದ ದಪ್ಪದ ಕತ್ತಿ ಮಾಡಿದ್ರೆ ಅದು ಹುಲ್ಲುಕಡ್ಡಿ ಥರ ಬಾಗುತ್ತೆ, ಮೇಲಿಂದ ಫ್ಯಾಕ್ಟರಿಲಿ ಬೇಗ ಬೇಗ ಬಣ್ಣ ಹಚ್ಚೋರ ಬ್ರಷ್ಷಿಗೆ ಸಿಗೋ ಹಾಗೆ ಮೂಗು, ಪಟ್ಟಿ, ಬಕಲ್ ಎಲ್ಲ ಎದ್ದು ಕಾಣಬೇಕು. ಆದ್ರೆ ಒಂದು ಸೆಟ್‌ನಲ್ಲಿ ತಲೆ ಬಟಾಣಿ ಗಾತ್ರ, ಇನ್ನೊಂದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದು ಅನ್ನೋ ಹಾಗಿದ್ರೆ ಎತ್ತರ ಒಂದೇ ಇದ್ರೂ ಅವರಿಬ್ರು ಒಂದೇ ಲೋಕದವರು ಅನ್ನಿಸಲ್ಲ. ಒಂದು ಕೆಲಸ ಮಾಡಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕುರ್ಚೀಲಿ ಕೂತ್ರೆ ಕಣ್ಣು ಎಲ್ಲಿರುತ್ತೋ ಆ ಎತ್ತರದಿಂದ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಫೋಟೋಲಿ ಯಾರ ಮೇಲೆ ಕಣ್ಣು ಮತ್ತೆ ಮತ್ತೆ ಹೋಗಿ ನಿಲ್ಲುತ್ತೋ ಅವನನ್ನ ನಾಯಕರ ಗುಂಪಿಂದ ತೆಗೆದು ಶತ್ರು ಪಾಳೆಯಕ್ಕೆ ಹಾಕಿ, ಅಲ್ಲಿ ಅವನು ಬೇರೆ ಸೀಮೆಯವನಾಗಿ ಚೆನ್ನಾಗಿ ಹೊಂದಿಕೊಳ್ತಾನೆ.

ನನ್ನ ಹತ್ರ ಹಳೇ ಫ್ರಾಸ್ಟ್ ಜೈಂಟ್ (ಹಿಮರಾಕ್ಷಸ) ಇದೆ, ಕಾಲಡಿಯ ತಟ್ಟೆ, ಅಂದ್ರೆ ಬೇಸ್, 2 ಇಂಚು. ಹೊಸದು ತಗೊಂಡೆ, ಅದು 3 ಇಂಚು, ಹಳೇದು ಅದರ ಮಗನ ಥರ ಕಾಣುತ್ತೆ. ಯಾವ ಕಂಪನಿ ಸ್ಕೇಲ್ ತಪ್ಪು ಮಾಡಿದ್ದು? ಹಳೇದನ್ನ ಕಿತ್ತು ದೊಡ್ಡ ಬೇಸಿಗೆ ಅಂಟಿಸಲಾ?
— ಓದುಗರು, ಕುವೆಂಪುನಗರ, ಮೈಸೂರು

ದಯವಿಟ್ಟು ಕೀಳಬೇಡಿ, ಮೊದಲು ಇದನ್ನ ಓದಿ. ಕಂಪನಿ ಯಾವುದೂ ತಪ್ಪು ಮಾಡಿಲ್ಲ, ರಾಕ್ಷಸರೇ ಬೆಳೆದುಬಿಟ್ರು. ಹಳೇ ರೂಲ್ಸ್‌ನ 3.5 ಆವೃತ್ತಿಲಿ ಫ್ರಾಸ್ಟ್ ಜೈಂಟ್ 15 ಅಡಿ, ಲಾರ್ಜ್ ವರ್ಗ, ಅಂದ್ರೆ 10 ಅಡಿ ಜಾಗ, 2 ಇಂಚು ಬೇಸ್. ಐದನೇ ಆವೃತ್ತಿಲಿ ಅದೇ ಜೈಂಟ್ 21 ಅಡಿ, ಹ್ಯೂಜ್ ವರ್ಗ, 15 ಅಡಿ ಜಾಗ, 3 ಇಂಚು. 1:60ಲ್ಲಿ ಲೆಕ್ಕ ಹಾಕಿ ನೋಡಿ, ಮೊದಲನೇದು 76 ಮಿಮೀ, ಎರಡನೇದು 107. ಹಿಲ್ ಜೈಂಟ್ ಕಥೆ ಇನ್ನೂ ಜೋರು, ಹತ್ತೂವರೆ ಅಡಿ ಇದ್ದವನು 16 ಅಡಿ ಆದ, ಅಂದ್ರೆ 53 ಮಿಮೀ ಇದ್ದ ಗೊಂಬೆ 81 ಆಗಬೇಕು. ಮೊದಲು ಹಿಲ್, ಸ್ಟೋನ್, ಫ್ರಾಸ್ಟ್, ಫೈರ್ ಈ ನಾಲ್ವರೂ ಲಾರ್ಜ್, ಕ್ಲೌಡ್ ಮತ್ತು ಸ್ಟಾರ್ಮ್ ಮಾತ್ರ ಹ್ಯೂಜ್ ಆಗಿದ್ರು, ಐದನೇ ಆವೃತ್ತಿಲಿ ಆರು ಜನಾನೂ ಹ್ಯೂಜ್. ಸ್ಟಾರ್ಮ್ ಜೈಂಟ್ ಈಗ 26 ಅಡಿ, ಪೂರ್ತಿ ಲೆಕ್ಕಕ್ಕೆ ಮಾಡಿದ್ರೆ 13 ಸೆಂಟಿಮೀಟರ್ ದಾಟುತ್ತೆ.

ಅಂದ್ರೆ ಜೈಂಟ್‌ಗಳ ವಿಷಯದಲ್ಲಿ ಸ್ಕೇಲ್ ಕೂಡಲ್ಲ ಅಂತ ಬಯ್ಯೋ ಮೊದಲು ಗೊಂಬೆ ಯಾವ ವರ್ಷದ್ದು ಅಂತ ನೋಡಬೇಕು. ಹಳೇ ಜೈಂಟನ್ನ ಏನು ಮಾಡೋದು? ಮರಿ ಜೈಂಟ್ ಅಂತ ಆಡಿಸಿ, ಅಥವಾ ಓಗರ್ ಅನ್ನೋ ದೈತ್ಯರ ಸರದಾರ ಅಂತ ಮಾಡಿ. ಓಗರ್ ಇವತ್ತಿಗೂ ಲಾರ್ಜ್, 2 ಇಂಚಿನ ಜಾಗದವನೇ, ಹಳೇ ಫ್ರಾಸ್ಟ್ ಜೈಂಟ್ ಅವರ ನಡುವೆ ನಿಂತ್ರೆ ನಿಜವಾಗ್ಲೂ ನಾಯಕನ ಥರಾನೇ ಕಾಣ್ತಾನೆ. ಇಲ್ಲ ಅವನನ್ನ ಹ್ಯೂಜ್ ಆಗೇ ಆಡಿಸಬೇಕು ಅಂದ್ರೆ 3 ಇಂಚಿನ ದುಂಡಗಿನ ರಟ್ಟು ಅಥವಾ ಎಂಡಿಎಫ್ ತುಂಡು ಮಾಡ್ಕೊಂಡು, ಮಧ್ಯೆ 2 ಇಂಚಿನ ತಗ್ಗು ಮಾಡಿ ಹಳೇ ಬೇಸನ್ನ ಹಾಗೇ ಅದರೊಳಗೆ ಕೂರಿಸಿ. ಆಟ ಮುಗಿದ ಮೇಲೆ ಎತ್ತಿಟ್ಟುಬಿಡಿ.

ಕೀಳಬೇಡಿ ಅಂದಿದ್ದು ಯಾಕೆ ಅಂದ್ರೆ, ಬೇಸ್ ತಿರುಗಿಸಿ ನೋಡಿ, ಅದರ ಅಡೀಲಿ ಹೆಸರು, ಸೆಟ್‌ನ ಗುರುತು, ನಂಬರ್, ಪಕ್ಕದಲ್ಲಿ ಗೊಂಬೆ ಎಷ್ಟು ಅಪರೂಪ ಅಂತ ಹೇಳೋ ಒಂದು ಪುಟ್ಟ ಚಿಹ್ನೆ ಇರುತ್ತೆ, ದುಂಡಗೆ ಇದ್ರೆ ಕಾಮನ್, ವಜ್ರದ ಆಕಾರ ಇದ್ರೆ ಅನ್‌ಕಾಮನ್, ನಕ್ಷತ್ರ ಇದ್ರೆ ರೇರ್. ಕೂಡಿಡೋರಿಗೆ ಗೊಂಬೆಯ ಜಾತಕವೇ ಅದು. ಬೇಸ್ ಕಿತ್ರೆ ಆಟಕ್ಕೆ ಏನೂ ನಷ್ಟ ಇಲ್ಲ, ಆದ್ರೆ ನಾಳೆ ಯಾರಿಗಾದ್ರೂ ಕೊಡಬೇಕು ಅಂದ್ರೆ ಅದು ಬರೀ ಒಂದು ನೀಲಿ ರಾಕ್ಷಸ ಅಷ್ಟೇ.

ಇನ್ನೊಂದು ಮಾತು, ನೀವು ದಸರಾ ಗೊಂಬೆ ಮೆಟ್ಟಿಲ ಮೇಲೇನೇ ಇವನ್ನ ಜೋಡಿಸಿದ್ದೀವಿ ಅಂತ ಪತ್ರದ ಕೊನೇಲಿ ಬರೆದಿದ್ದು ಓದಿ ಖುಷಿ ಆಯ್ತು. ಗೊಂಬೆ ಕೂರಿಸೋರಿಗೆ ಈ ಸಮಸ್ಯೆ ತಲೆಮಾರುಗಳಿಂದ ಗೊತ್ತು, ಗೇಣುದ್ದದ ರಾಜ ರಾಣಿ ಪಕ್ಕ ಬೆರಳುದ್ದದ ಶೆಟ್ಟಿ ಅಂಗಡಿ ಇಡಲ್ಲ, ಒಂದೊಂದು ಮೆಟ್ಟಿಲಿಗೆ ಒಂದೊಂದು ಅಳತೆ. ಅದನ್ನೇ ಮಾಡಿ. ಜೊತೆಗೆ ಪ್ರತಿ ಮೆಟ್ಟಿಲಲ್ಲೂ ಒಂದು ಮನುಷ್ಯನ ಗೊಂಬೆ ಇಡಿ, ಒಂದೇ ಸೆಟ್‌ನದ್ದು. ರಾಕ್ಷಸ ಎಷ್ಟು ದೊಡ್ಡವನು ಅಂತ ಅವನೊಬ್ಬನಿಂದ ಗೊತ್ತಾಗಲ್ಲ, ಅವನ ಮೊಣಕಾಲ ಹತ್ರ ನಿಂತಿರೋ ಸೈನಿಕನಿಂದ ಗೊತ್ತಾಗೋದು. 2006ರಲ್ಲಿ ಬಂದ ಕಲಾಸಲ್ ರೆಡ್ ಡ್ರಾಗನ್ ಅನ್ನೋ ಭಾರೀ ಗೊಂಬೆ ಅಷ್ಟೊಂದು ಜನರ ಆಸೆಯ ವಸ್ತು ಆಗಿದ್ದೂ ಇದಕ್ಕೇ ಅಂತ ನನ್ನ ಅಭಿಪ್ರಾಯ. ಒಂಟಿಯಾಗಿ ನೋಡಿದ್ರೆ ಅದೊಂದು ದೊಡ್ಡ ಆಟಿಕೆ, ಅದರ ಮುಂದೆ 1 ಇಂಚು ಬೇಸಿನ ನಾಲ್ಕು ಜನರನ್ನ ನಿಲ್ಲಿಸಿ ನೋಡಿ, ಮೈ ಜುಮ್ಮನ್ನುತ್ತೆ.

ಬೂಸ್ಟರ್ ಡಬ್ಬಿ ತಗೊಂಡು ತಗೊಂಡು ಸಾಕಾಗಿ ಹೋಗೇತ್ರಿ, ಬಂದಿದ್ದ ಬರ್ತಾವ. ರೇರ್ ಬಂದ್ರ ರೊಕ್ಕ ಬರ್ತದ ಅಂತ ಗೆಳೆಯಾರು ಹೇಳ್ತಾರ. ಖರೇನ ಏನ್ರಿ? ಪೂರ್ತಿ ಸೆಟ್ ಕೂಡಿಸಬೇಕೋ ಬ್ಯಾಡೋ?
— ಓದುಗರು, ಹುಬ್ಬಳ್ಳಿ

ಈ ಡಬ್ಬಿ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳೋ ಪದ್ಧತಿ ಪೇಂಟೆಡ್ ಮಿನಿಗಳಿಗೆ ಹೆಚ್ಚುಕಡಿಮೆ ಶುರುವಿನಿಂದಲೇ ಅಂಟಿಕೊಂಡಿದ್ದು ಅಂತ ಹೇಳಬಹುದು. 2000ದಲ್ಲಿ ವಿಝ್‌ಕಿಡ್ಸ್‌ನವರು ಮೇಜ್ ನೈಟ್ ತಂದ್ರು, ಬಣ್ಣ ಹಚ್ಚಿದ ಗೊಂಬೆ, ಕೆಳಗೆ ತಿರುಗಿಸೋ ಡಯಲ್, ಟ್ರೇಡಿಂಗ್ ಕಾರ್ಡ್ ಪ್ಯಾಕ್ ಥರ ಮುಚ್ಚಿದ ಡಬ್ಬಿ. ಅಲ್ಲಿ ತನಕ ಮಿನಿ ಅಂದ್ರೆ ಹೆಚ್ಚಾಗಿ ಬಣ್ಣ ಇಲ್ಲದ ಲೋಹ ಇಲ್ಲವೇ ಪ್ಲಾಸ್ಟಿಕ್, ನೀವೇ ಗಂಟೆಗಟ್ಟಲೆ ಕೂತು ಪೇಂಟ್ ಮಾಡಬೇಕಿತ್ತು. ಅದು ಓಡಿದ್ದು ನೋಡಿ 2003ರಲ್ಲಿ ವಿಝಾರ್ಡ್ಸ್‌ನವರು ಹಾರ್ಬಿಂಜರ್ ಅನ್ನೋ ಸೆಟ್‌ನಿಂದ ತಮ್ಮ ಡಿ ಅಂಡ್ ಡಿ ಮಿನಿಯೇಚರ್ಸ್ ಶುರು ಮಾಡಿದ್ರು, 80 ಗೊಂಬೆಗಳ ಸೆಟ್. ಆಮೇಲೆ ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟದ ಪಾತ್‌ಫೈಂಡರ್ ಬ್ಯಾಟಲ್ಸ್ ಗೊಂಬೆಗಳು ಬಂದವು, 2014ರಿಂದ ಐಕಾನ್ಸ್ ಆಫ್ ದ ರೆಲ್ಮ್ಸ್.

ಈಗ ನಿಮ್ಮ ಪ್ರಶ್ನೆ. ರೇರ್ ಅಂದ್ರೆ ಫ್ಯಾಕ್ಟರಿಯವರು ಕಡಿಮೆ ಹಾಕಿದ್ದಾರೆ ಅಂತ, ಜನಕ್ಕೆ ಬೇಕು ಅಂತ ಅಲ್ಲ. ಇವೆರಡೂ ಬೇರೆ ಬೇರೆ. ಯಾವುದೋ ಸೆಟ್‌ನ ಹೆಸರೇ ನೆನಪಿರದ ಯೋಧ, ಬೇಸಿನಡಿ ನಕ್ಷತ್ರ ಇದ್ರೂ ಕೇಳೋರಿರಲ್ಲ, ಯಾಕಂದ್ರೆ ಆಟದಲ್ಲಿ ಅವನಿಗೆ ಕೆಲಸ ಇಲ್ಲ. ಅದೇ ಕಾಮನ್ ಅಸ್ಥಿಪಂಜರ, ಗಾಬ್ಲಿನ್, ಓರ್ಕ್ ಇವು ಒಂದಲ್ಲ ಹನ್ನೆರಡು ಬೇಕು, ಎಷ್ಟಿದ್ರೂ ಇನ್ನೆರಡು ಬೇಕು ಅನ್ನಿಸುತ್ತೆ. ಆಡೋರಿಗೆ ಬೇಕಾಗಿದ್ದು, ಕೂಡಿಡೋರಿಗೆ ಬೇಕಾಗಿದ್ದು, ಸಿಗೋದು ಕಷ್ಟ ಅನ್ನೋದು, ಈ ಮೂರೂ ಒಂದೇ ಗೊಂಬೇಲಿ ಸೇರಿದಾಗ ಮಾತ್ರ ನಿಮ್ಮ ಗೆಳೆಯರು ಹೇಳೋ ರೊಕ್ಕ.

ಅಂಥದ್ದು ಯಾವುದು ಅಂದ್ರೆ ನಾನು ಮೊದಲು ಹೇಳೋ ಹೆಸರು ಬಿಹೋಲ್ಡರ್, ಆ ನಡುವೆ ಒಂದು ದೊಡ್ಡ ಕಣ್ಣಿರೋ ತೇಲೋ ಗುಂಡು. ಆಮೇಲೆ ಮೈಂಡ್ ಫ್ಲೇಯರ್, ಡಿಸ್‌ಪ್ಲೇಸರ್ ಬೀಸ್ಟ್. ಇವು ಹಳೇ ಪುರಾಣದಿಂದ ಬಂದಿದ್ದಲ್ಲ, ಡಿ ಅಂಡ್ ಡಿ ಆಟದ ಸ್ವಂತ ಸೃಷ್ಟಿ. 2000ದಲ್ಲಿ ಆಟದ ಒಡೆಯರಾದ ವಿಝಾರ್ಡ್ಸ್ ಕಂಪನಿ ತನ್ನ ರೂಲ್ಸ್‌ನ ಬಹುಪಾಲು ಬೇರೆಯವರೂ ಬಳಸಬಹುದು ಅಂತ ಓಪನ್ ಲೈಸೆನ್ಸ್‌ನಲ್ಲಿ ಬಿಟ್ಟಾಗಲೂ ಇಂಥವನ್ನ ಮಾತ್ರ ತನ್ನ ಹತ್ರಾನೇ ಇಟ್ಕೊಂಡ್ತು. ಓರ್ಕ್, ಡ್ರಾಗನ್, ಟ್ರೋಲ್ ಯಾರು ಬೇಕಾದ್ರೂ ಮಾಡ್ತಾರೆ, ಬಿಹೋಲ್ಡರನ್ನ ಅದೇ ಹೆಸರಲ್ಲಿ ಪಾತ್‌ಫೈಂಡರ್ ಸೆಟ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಇಂಥವು ಸಿಕ್ರೆ ಬಿಡಬೇಡಿ.

ಪೂರ್ತಿ ಸೆಟ್ ಬೇಡ. ನನ್ನ ಖಚಿತ ಅಭಿಪ್ರಾಯ ಇದು. ಎರಡೇ ಎರಡು ಸೆಟ್‌ಗೆ ಬಿದ್ದು ಹಟ ಹಿಡಿದು ಪೂರ್ತಿ ಮಾಡಿದವನು ನಾನು, ಕೊನೆಯ ಐದಾರು ಗೊಂಬೆಗೆ ಕೊಟ್ಟ ದುಡ್ಡಲ್ಲಿ ಒಂದು ಇಡೀ ಗಾಬ್ಲಿನ್ ಪಡೆ ಬರ್ತಿತ್ತು, ಆ ಐದಾರರಲ್ಲಿ ಒಂದನ್ನೂ ಇವತ್ತಿಗೂ ಆಟಕ್ಕೆ ಇಳಿಸಿಲ್ಲ. ಬೇಕಾದ ಗೊಂಬೆನ ಬಿಡಿಯಾಗಿ ಮಾರೋರ ಹತ್ರ ತಗೊಳ್ಳಿ, ಡಬ್ಬಿ ಒಡೆಯೋ ಖುಷಿಗೆ ಅಂತ ಹಬ್ಬಕ್ಕೊಂದು ಸಾಕು. ಬಿಡಿ ತಗೊಳ್ಳುವಾಗ ಬೇಸಿನ ಅಡಿ ಫೋಟೋ ಕೇಳಿ, ಕಾರ್ಡ್ ಇದೆಯಾ ಅಂತ ಕೇಳಿ, ಹಳೇ ವಿಝಾರ್ಡ್ಸ್ ಮಿನಿಗಳ ಜೊತೆ ಒಂದೊಂದು ಕಾರ್ಡ್ ಬರ್ತಿತ್ತು. ಗೊಂಬೆ ಮುಖ ತೀರಾ ಹತ್ರದಿಂದ ತೆಗೆದ ಫೋಟೋನೂ ಕೇಳಿ. ಒಮ್ಮೆ ಒಬ್ಬ ಮಾರಾಟಗಾರ ನನಗೆ ಮತ್ತೆ ಪೇಂಟ್ ಮಾಡಿದ್ದನ್ನ ಒರಿಜಿನಲ್ ಅಂತ ಕಳಿಸಿದ್ದ, ಕೈಗೆ ಬಂದ ಮೇಲೆ ಬ್ರಷ್ ಗೆರೆ ಕಾಣ್ತು.

ನಮ್ಮ ದೇಶದಲ್ಲಿ ಇನ್ನೊಂದು ಕಷ್ಟ ಇದೆ, ಆಟಿಕೆಗಳ ಮೇಲಿನ ಕಸ್ಟಮ್ಸ್ ಡ್ಯೂಟಿ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯ್ತು, 2023ರಲ್ಲಿ 70. ಹೊರಗಿಂದ ಪಾರ್ಸೆಲ್ ತರಿಸೋ ಮೊದಲು ಗೊಂಬೆ ಬೆಲೆ ಒಂದನ್ನೇ ನೋಡಬೇಡಿ, ಮನೆ ಬಾಗಿಲಿಗೆ ಬರೋ ಹೊತ್ತಿಗೆ ಎಷ್ಟಾಗುತ್ತೆ ಅಂತ ಕೂಡಿಸಿ ನೋಡಿ.

ನಮ್ಮ ಕಡಿ ಬಿಸಿಲು ನಿಮಗ ಗೊತ್ತೇ ಅದ. ಏಪ್ರಿಲ್ ಬಂತಂದ್ರ ಗೊಂಬಿ ಕತ್ತಿ ಎಲ್ಲ ಸೊಟ್ಟ, ಕೆಲವು ಗೊಂಬಿ ಮುಟ್ಟಿದ್ರ ಅಂಟಂಟ. ಥರ್ಮಾಕೋಲ್ ಡಬ್ಬಿದಾಗ ಇಟ್ಟೀನಿ. ಏನು ಮಾಡಬೇಕ್ರಿ?
— ಓದುಗರು, ಕಲಬುರಗಿ

ಮೊದಲು ಆ ಥರ್ಮಾಕೋಲ್‌ನಿಂದ ಹೊರಗೆ ತೆಗೀರಿ. ಪಿವಿಸಿನ ಮೆತ್ತಗೆ ಇಡೋಕೆ ಎಣ್ಣೆ ಥರದ ಒಂದು ಪದಾರ್ಥ ಬೆರೆಸಿರ್ತಾರೆ, ಸೆಕೆಗೆ ಅದು ನಿಧಾನಕ್ಕೆ ಮೇಲೆ ಬರುತ್ತೆ, ಅದೇ ಆ ಅಂಟು. ಅದು ಥರ್ಮಾಕೋಲ್‌ಗೆ ತಾಗಿದ್ರೆ ಥರ್ಮಾಕೋಲ್ ಕರಗಿ ಗೊಂಬೆಗೇ ಹಿಡ್ಕೊಳ್ಳುತ್ತೆ. ಅಂಟು ಬಂದ ಗೊಂಬೆಗಳನ್ನ ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಹಳೇ ಬ್ರಷ್ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಒಂದೊಂದನ್ನೂ ಹತ್ತಿ ಬಟ್ಟೇಲಿ ಸುತ್ತಿ ಮರದ ಕಪಾಟಿನ ಕೆಳಗಿನ ಅರೇಲಿ ಇಡಿ, ಅಟ್ಟದ ಮೇಲೆ ಮಾತ್ರ ಬೇಡ.

ಸೊಟ್ಟ ಕತ್ತಿಗೆ ಬಿಸಿನೀರೇ ಮದ್ದು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಒಂದು ನಿಮಿಷ ಬಿಡಿ, ಇಕ್ಕಳದಲ್ಲಿ ಗೊಂಬೆ ಹಿಡಿದು ಕತ್ತಿ ಭಾಗ ಮಾತ್ರ ಹತ್ತಿಪ್ಪತ್ತು ಸೆಕೆಂಡ್ ಮುಳುಗಿಸಿ, ಮೆತ್ತಗಾದ ತಕ್ಷಣ ನೆಟ್ಟಗೆ ಮಾಡಿ, ಹಾಗೇ ಹಿಡ್ಕೊಂಡು ಐಸ್ ನೀರಿಗೆ ಅದ್ದಿ. ಐಸ್ ನೀರು ಬಿಡಬೇಡಿ, ಅದೇ ಮುಖ್ಯ, ಇಲ್ದಿದ್ರೆ ಸಂಜೆ ಹೊತ್ತಿಗೆ ಮತ್ತೆ ಹಳೇ ಡೊಂಕು. ಈ ಕೆಲಸ ಮಕ್ಕಳ ಕೈಗೆ ಕೊಡಬೇಡಿ. ಬಾಗಿದ ಕಾಲಿಗೂ ಇದೇ ಉಪಾಯ, ಅಂದಹಾಗೆ ಸ್ಕೇಲ್ ಕೂಡ್ತಿಲ್ಲ ಅಂತ ಬರೋ ದೂರುಗಳಲ್ಲಿ ಕೆಲವು ಬರೀ ಕಾಲು ಬಾಗಿ ಮುಂದಕ್ಕೆ ವಾಲಿರೋ ಗೊಂಬೆಗಳದ್ದು, ನೆಟ್ಟಗೆ ನಿಲ್ಲಿಸಿದ್ರೆ ಎರಡು ಮಿಮೀ ವಾಪಸ್ ಬರುತ್ತೆ.

ಬೇರೆ ಬೇರೆ ಸೆಟ್‌ನವು ಬಣ್ಣದಲ್ಲೂ ಕೂಡಲ್ಲ, ಒಂದು ಮಿರಮಿರ ಮಿಂಚುತ್ತೆ, ಇನ್ನೊಂದು ಮಂಕು. ನಾನೇ ಸ್ವಲ್ಪ ಪೇಂಟ್ ತಿದ್ದಿದ್ರೆ ಬೆಲೆ ಹೋಗುತ್ತಾ?
— ಓದುಗರು, ಶಿವಮೊಗ್ಗ

ಕೂಡಿಡೋರ ಲೆಕ್ಕದಲ್ಲಿ ಹೋಗುತ್ತೆ, ಟೇಬಲ್ ಲೆಕ್ಕದಲ್ಲಿ ಏರುತ್ತೆ. ಹಾಗಾಗಿ ನಕ್ಷತ್ರದವನ್ನ ಮುಟ್ಟಬೇಡಿ, ಕಾಮನ್‌ಗಳ ಮೇಲೆ ಧೈರ್ಯವಾಗಿ ಕೈ ಇಡಿ. ಕಂದು ಬಣ್ಣದ ತೆಳು ವಾಶ್, ಅಂದ್ರೆ ನೀರು ನೀರಾದ ಬಣ್ಣ, ಒಂದು ಸಲ ಆ ಕಾಮನ್‌ಗಳೆಲ್ಲದರ ಮೇಲೂ ಹರಿಸಿ, ಸಂದುಗಳಲ್ಲಿ ನೆರಳು ಕೂತು ಮುಖ, ಬಟ್ಟೆ ಎಲ್ಲ ಎದ್ದು ಬರುತ್ತೆ, ಒಣಗಿದ ಮೇಲೆ ಬ್ರಷ್‌ನಲ್ಲಿ ಹಚ್ಚೋ ಮ್ಯಾಟ್ ಆಕ್ರಿಲಿಕ್ ವಾರ್ನಿಶ್. ಸ್ಪ್ರೇ ಬೇಡ, ಮೆತ್ತನೆ ಪಿವಿಸಿ ಮೇಲೆ ಕೆಲವು ಸ್ಪ್ರೇ ತಿಂಗಳಾದ್ರೂ ಒಣಗಲ್ಲ. ಆಮೇಲೆ ಎಲ್ಲ ಬೇಸಿನ ಅಂಚಿಗೂ ಒಂದೇ ಕಪ್ಪು ಬಣ್ಣ ಹಚ್ಚಿ ನೋಡಿ, ನಾಲ್ಕು ಸೆಟ್‌ನ ಗೊಂಬೆಗಳು ಒಂದೇ ಮನೆಯವರ ಥರ ಆಗಿಬಿಡ್ತವೆ, ಎತ್ತರದ ವ್ಯತ್ಯಾಸ ಸಹ ಅರ್ಧ ಮರೆಯಾಗುತ್ತೆ. ಅಡಿಭಾಗಕ್ಕೆ ಮಾತ್ರ ಹಚ್ಚಬೇಡಿ.

ನ್ಯೂ ಜೆರ್ಸಿಯಿಂದ ಊರಿಗೆ ಬರ್ತಿದ್ದೀನಿ, ಅಕ್ಕನ ಮಗಳಿಗೆ 11 ವರ್ಷ, ಆಟ ಈಗಷ್ಟೇ ಶುರು ಮಾಡಿದ್ದಾಳೆ. ಇಲ್ಲಿ ಹಳೇ ಮೇಜ್ ನೈಟ್ ಒಂದು ಚೀಲ ಅಗ್ಗಕ್ಕೆ ಸಿಗ್ತಿದೆ. ತರಲಾ, ಅಥವಾ ಬೇರೆ ಏನಾದ್ರೂ?
— ಓದುಗರು, ನ್ಯೂ ಜೆರ್ಸಿ

ಮೇಜ್ ನೈಟ್ ಗೊಂಬೆಗಳು ಚೆಂದ, ಆದ್ರೆ ಆ ಡಯಲ್ ಬೇಸ್ ದಪ್ಪ, ಅಗಲ, 1 ಇಂಚಿನ ಚೌಕದಲ್ಲಿ ಕೂರಲ್ಲ, ಗೊಂಬೆ ಸ್ಟೂಲ್ ಮೇಲೆ ನಿಂತ ಹಾಗೆ ಎತ್ತರಕ್ಕೆ ಕಾಣುತ್ತೆ. ಡಯಲ್‌ನಿಂದ ಬಿಡಿಸಿ ಬೇರೆ ಬೇಸಿಗೆ ಅಂಟಿಸೋ ಕೆಲಸ ನಿಮಗೆ ಇಷ್ಟ ಇದ್ರೆ ತನ್ನಿ, ಇಲ್ದಿದ್ರೆ ಬೇಡ.

ಅವಳಿಗೆ ಒಂದೇ ಸಾಲಿನ ಗೊಂಬೆಗಳನ್ನ ತನ್ನಿ, ಎಲ್ಲ ಐಕಾನ್ಸ್ ಅಂದ್ರೆ ಎಲ್ಲ ಐಕಾನ್ಸ್. ಮುಚ್ಚಿದ ಡಬ್ಬಿ ಬೇಡ, ಬಿಡಿಯಾಗಿ ಆರಿಸಿ. ನಾಲ್ಕು ನಾಯಕರು, ಅದರಲ್ಲಿ ಒಬ್ಬಳಾದ್ರೂ ಹುಡುಗಿ, ಒಬ್ಬ ಕುಳ್ಳ ಡ್ವಾರ್ಫ್. ಆರು ಗಾಬ್ಲಿನ್. 2 ಇಂಚಿನ ಬೇಸಿನ ಒಬ್ಬ ಓಗರ್. ಹನ್ನೊಂದು ಗೊಂಬೆ, ಒಂದು ಟಿಫಿನ್ ಡಬ್ಬಿಲಿ ಹಿಡಿಯುತ್ತೆ, ಹ್ಯಾಂಡ್ ಬ್ಯಾಗಲ್ಲೇ ಇಟ್ಕೊಳ್ಳಿ, ಕತ್ತಿ ಬಾಗಲ್ಲ. ಓಗರನ್ನ ಮಾತ್ರ ಮೊದಲ ದಿನಾನೇ ಕೊಡಬೇಡಿ, ಆಟ ಆಡಿಸೋರ ಕೈಗೆ ಕೊಟ್ಟಿಡಿ, ಗಾಬ್ಲಿನ್‌ಗಳೆಲ್ಲ ಸೋತ ಮೇಲೆ ಅವರು ಅದನ್ನ ತಂದು ಆ ಪುಟ್ಟ ಡ್ವಾರ್ಫ್ ಮುಂದೆ ಇಡಲಿ.